ಐದಕ್ಕಿಂತ ಕಡಿಮೆ ಇದ್ದರೆ ಅಡ್ಡಗೆರೆ

ಫೆಬ್ರುವರಿ 6

ಫಲಿತಾಂಶ ಕ್ರೋಡೀಕರಣ ವಿಭಾಗದ ಅಧಿಕಾರಿಗಳಿಗೆ,

ವಿಷಯ: ಶಾಲೆ ಸಂಖ್ಯೆ 417ರ ವಾರ್ಷಿಕ ವರದಿಯಲ್ಲಿ ಕಂಡುಬಂದ ಗಂಭೀರ ಲೋಪಗಳು

ಮಾನ್ಯರೇ,

ತಾವು ಹೊರತಂದಿರುವ ನಾಲ್ಕು ಪುಟದ ವರದಿಯನ್ನು ನಮ್ಮ ಮಂಡಳಿಯು ಸೋಮವಾರ ಮಧ್ಯಾಹ್ನ, ಸದಸ್ಯರೆಲ್ಲ ಹಾಜರಿದ್ದ ಸಭೆಯಲ್ಲಿ ಸಾಲುಸಾಲಾಗಿ ಓದಿತು. ಓದಿ ದಿಗ್ಭ್ರಮೆಗೊಂಡಿತು. ದಿಗ್ಭ್ರಮೆಯನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲಾಗಿದೆ.

ಒಂಬತ್ತನೇ ತರಗತಿಯ ಗಣಿತದಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿದವರು ಹೋದ ವರ್ಷ ಶೇಕಡಾ 70, ಈ ವರ್ಷ ಶೇಕಡಾ 55 ಎಂದು ಬರೆದಿದ್ದೀರಿ. ಅಂದರೆ ಹದಿನೈದು ಮಂದಿ ಕೆಳಗೆ ಬಿದ್ದರು ಎಂದಾಯಿತು. ಆ ತರಗತಿಯಲ್ಲಿರುವುದೇ ಇಪ್ಪತ್ತು ಜನ. ಇಪ್ಪತ್ತರಲ್ಲಿ ಹದಿನೈದು ಮಂದಿ ಒಟ್ಟಿಗೆ ಬಿದ್ದಿದ್ದರೆ ಸದ್ದಾದರೂ ಆಗಬೇಕಿತ್ತು. ಅಕ್ಕಪಕ್ಕದ ಮನೆಯವರನ್ನು ವಿಚಾರಿಸಲಾಗಿ, ಅಂಥ ಸದ್ದು ಯಾರೂ ಕೇಳಿಲ್ಲ.

ಇನ್ನು ‘ವಿದ್ಯಾರ್ಥಿಗಳ ಮನೆಮಾತು’ ಎಂಬ ಕೋಷ್ಟಕ. ಅದರ ಕೊನೆಯ ಸಾಲಿನಲ್ಲಿ ‘ಇತರೆ’ ಎಂದು ಬರೆದು, ಮುಂದೆ ಸಂಖ್ಯೆಯ ಬದಲು ಒಂದು ಅಡ್ಡಗೆರೆ ಎಳೆದಿದ್ದೀರಿ. ಆ ಇತರೆ ಯಾರೆಂದು ಮಂಡಳಿಗೆ ಚೆನ್ನಾಗಿ ಗೊತ್ತು. ಅವರಿಗೆ ಕೈಕಾಲು ಇದೆ, ತಂಗಿಯಿದ್ದಾಳೆ, ಅಜ್ಜಿಯಿದ್ದಾರೆ. ಇಷ್ಟೆಲ್ಲ ಇರುವವರನ್ನು ಒಂದು ಗೆರೆಯಲ್ಲಿ ಮುಗಿಸುವುದು ಯಾವ ನ್ಯಾಯ?

ಕಡೆಯದಾಗಿ, ವರದಿಯ ಜೊತೆ ಬಂದ ಪತ್ರ. ಫಲಿತಾಂಶ ಹತ್ತು ಅಂಶಕ್ಕಿಂತ ಹೆಚ್ಚು ಕುಸಿದಿರುವುದರಿಂದ ಗಣಿತದ ಶಿಕ್ಷಕರನ್ನು ಮೇ ತಿಂಗಳ ಕೊನೆಗೆ ಬೇರೆ ಶಾಲೆಗೆ ಕಳಿಸಲಾಗುವುದು ಎಂದು ಅದರಲ್ಲಿದೆ. ಈ ಶಿಕ್ಷಕರನ್ನು ಮಕ್ಕಳು ಉಳಿಕೆ ಮೇಷ್ಟ್ರು ಅನ್ನುತ್ತಾರೆ. ಏನೇ ಆದರೂ ಕೊನೆಗೆ “ಉಳೀತೆಷ್ಟು?” ಎಂದು ಕೇಳುವುದು ಅವರ ಅಭ್ಯಾಸ. ಭಾಗಾಕಾರ ಮುಗಿಸಿದವರನ್ನೂ ಕೇಳುತ್ತಾರೆ, ಪೆನ್ಸಿಲ್ ಡಬ್ಬಿ ಕಳೆದುಕೊಂಡು ಅಳುವವರನ್ನೂ ಕೇಳುತ್ತಾರೆ. ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ, ಯಾರೂ ಹೇಳದಿದ್ದರೂ, ಲೆಕ್ಕ ತಲೆಗೆ ಹತ್ತದವರನ್ನು ಕೂರಿಸಿಕೊಂಡು ಹೇಳಿಕೊಡುತ್ತಾರೆ. ಅಂಥವರನ್ನು ಕಳಿಸಿದರೆ ಮಂಡಳಿ ಸುಮ್ಮನಿರುವುದಿಲ್ಲ. ಸುಮ್ಮನಿರದೆ ಏನು ಮಾಡುತ್ತದೆ ಎಂಬುದನ್ನು ಮುಂದಿನ ಸಭೆಯಲ್ಲಿ ತೀರ್ಮಾನಿಸಲಾಗುವುದು.

ಅಧ್ಯಕ್ಷರು
ಶಾಲಾ ಅಂಕಿಅಂಶಗಳ ಸ್ವತಂತ್ರ ಪರಿಶೀಲನಾ ಮಂಡಳಿ


ಫೆಬ್ರುವರಿ 21

ಅಧ್ಯಕ್ಷರಿಗೆ,

ತಮ್ಮ ಪತ್ರ ತಲುಪಿದೆ. ನಮ್ಮ ವಿಭಾಗಕ್ಕೆ ಸಾಮಾನ್ಯವಾಗಿ ಪತ್ರ ಬರುವುದಿಲ್ಲ, ಪಾರ್ಸೆಲ್ ಬರುತ್ತದೆ. ಆದ್ದರಿಂದ ಉತ್ತರಿಸುವ ನಮೂನೆ ಯಾವುದೆಂದು ಹುಡುಕಲು ಎಂಟು ದಿನ ಹಿಡಿಯಿತು. ಸಿಗಲಿಲ್ಲ. ಹೀಗಾಗಿ ನಮೂನೆಯಿಲ್ಲದೆ ಬರೆಯುತ್ತಿದ್ದೇನೆ.

ಶೇಕಡಾ ಹದಿನೈದು ಎಂದರೆ ಹದಿನೈದು ಮಂದಿ ಅಲ್ಲ. ನೂರು ಜನರಿದ್ದರೆ ಹದಿನೈದು ಎಂದು ಅರ್ಥ. ತರಗತಿಯಲ್ಲಿ ಇಪ್ಪತ್ತು ಜನರಿದ್ದಾಗ ಒಬ್ಬೊಬ್ಬ ವಿದ್ಯಾರ್ಥಿಯ ತೂಕ ಶೇಕಡಾ ಐದು. ಆದ್ದರಿಂದ ಬಿದ್ದವರು ಮೂವರು. ಮೂವರು ಬಿದ್ದರೆ ಅಕ್ಕಪಕ್ಕದವರಿಗೆ ಕೇಳಿಸದೆ ಹೋಗಬಹುದು.

ಅಡ್ಡಗೆರೆಯ ವಿಚಾರ. ಯಾವುದೇ ಸಾಲಿನಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿದ್ದರೆ ಸಂಖ್ಯೆಯನ್ನು ಮುಚ್ಚಿಡಬೇಕೆಂಬುದು ನಿಯಮ. ಓದುವವರು ಇಂಥವರೇ ಎಂದು ಬೆರಳು ತೋರಿಸಬಾರದಲ್ಲ, ಅದಕ್ಕೆ. ಗೆರೆ ಎಳೆಯುವುದು ಅವಮಾನಕ್ಕಲ್ಲ, ಅದು ಪರದೆ.

ಶಿಕ್ಷಕರ ವರ್ಗಾವಣೆ ಬೇರೆ ವಿಭಾಗದ್ದು. ನಾವು ಸಂಖ್ಯೆ ಕೊಡುತ್ತೇವೆ, ಉಳಿದದ್ದು ಅವರು ಮಾಡುತ್ತಾರೆ.

ತಮ್ಮಂಥ ಹಿರಿಯರು ಈ ವಯಸ್ಸಿನಲ್ಲೂ ಸಾರ್ವಜನಿಕ ಶಾಲೆಯ ಬಗ್ಗೆ ಇಷ್ಟು ಕಾಳಜಿ ವಹಿಸಿರುವುದು ಸಂತೋಷ.

ಸಹಾಯಕಿ, ಕ್ರೋಡೀಕರಣ ವಿಭಾಗ, ಮೂರನೇ ಮಹಡಿ


ಮಾರ್ಚ್ 1

ಮಾನ್ಯ ಸಹಾಯಕಿಯವರೇ,

ಹದಿನೈದು ಮೂರಾದದ್ದನ್ನು ಮಂಡಳಿ ಬಹುಮತದಿಂದ ಒಪ್ಪಿಕೊಂಡಿದೆ. ವಿರುದ್ಧ ಮತ ಹಾಕಿದವರು ಅಧ್ಯಕ್ಷರೊಬ್ಬರೇ. ಅವರಿಗೆ ಲೆಕ್ಕ ಬಿಡಿಸಿ ತೋರಿಸಿದ ಮೇಲೆ ಅವರೂ ಒಪ್ಪಿದರು. ನಮ್ಮ ವಯಸ್ಸಿನ ಬಗ್ಗೆ ತಾವು ತೋರಿದ ಗೌರವಕ್ಕೆ ಕೃತಜ್ಞತೆಗಳು. ಮಂಡಿನೋವು ಇದೆ, ಆದರೂ ಓಡಾಡುತ್ತೇವೆ.

ಪರದೆಯ ವಿಷಯದಲ್ಲಿ ಮಂಡಳಿಗೆ ಸಮಾಧಾನವಿಲ್ಲ. ‘ಇತರೆ’ಯವರ ಅಜ್ಜಿ ಪ್ರತಿದಿನ ಬೆಳಿಗ್ಗೆ ಏಳೂಕಾಲಕ್ಕೆ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಶಾಲೆಗೆ ಹೊರಟ ಇಬ್ಬರು ಮೊಮ್ಮಕ್ಕಳನ್ನು ಬೀದಿಯ ಕೊನೆಯವರೆಗೆ ಅದೇ ಇತರೆ ಭಾಷೆಯಲ್ಲಿ ಬೈಯುತ್ತಾರೆ. ಬಸ್ ಡಿಪೋದ ಚಾಲಕರಿಗೆಲ್ಲ ಆ ಭಾಷೆಯಲ್ಲಿ ಆರು ಬೈಗುಳ ಬಾಯಿಪಾಠ. ಇಂಥವರಿಗೆ ತಮ್ಮ ಪರದೆ ಎಲ್ಲಿ ಸಾಲುತ್ತದೆ?

ತಮ್ಮ ವರದಿಯಲ್ಲಿ ‘ಕಡಿಮೆ ಆದಾಯದ ಕುಟುಂಬ: ಶೇಕಡಾ 81’ ಎಂದಿದೆ. ಅಷ್ಟು ಸಾಲದೆಂದು ಮಂಡಳಿಯೇ ಎರಡು ವಾರ ಗಣತಿ ನಡೆಸಿತು. ಶಾಲೆಯಲ್ಲಿ ಒಟ್ಟು ತೊಂಬತ್ನಾಲ್ಕು ಮಕ್ಕಳು. ಹೊಲಿಗೆ ಯಂತ್ರವಿರುವ ಕೋಣೆಯಲ್ಲಿ ಮಲಗುವವರು ಹತ್ತೊಂಬತ್ತು. ಅಪ್ಪ ಅಮ್ಮನ ಅರ್ಜಿಗಳನ್ನು ತಾವೇ ತುಂಬುವವರು ನಲವತ್ತೇಳು, ಅಂದರೆ ಸರಿಯಾಗಿ ಶೇಕಡಾ ಐವತ್ತು (ಇದನ್ನು ಅಧ್ಯಕ್ಷರು ಯಾರ ನೆರವೂ ಇಲ್ಲದೆ ಬಿಡಿಸಿದರು). ಆಸ್ಪತ್ರೆಯಲ್ಲಿ ಡಾಕ್ಟರರ ಮಾತನ್ನು ಅಮ್ಮನಿಗೆ ಅರ್ಥ ಮಾಡಿಸುವಾಗ ಒಂದೆರಡು ಸಂಗತಿ ಬೇಕೆಂದೇ ಬಿಟ್ಟವರು ಹನ್ನೊಂದು. ಹೆಡ್‌ಮಿಸ್ ಹತ್ತಿರ ಬೈಸಿಕೊಂಡವರು ತೊಂಬತ್ನಾಲ್ಕು. ಹೆಡ್‌ಮಿಸ್ಸನ್ನು ಬೇರೆ ಶಾಲೆಗೆ ಬದಲಾಯಿಸಲು ಒಪ್ಪುವವರು ಸೊನ್ನೆ.

ಇವನ್ನೂ ಮುಂದಿನ ವರದಿಯಲ್ಲಿ ಸೇರಿಸಬೇಕಾಗಿ ಕೋರಿಕೆ.

ಅಧ್ಯಕ್ಷರು


ಮಾರ್ಚ್ 16

ಅಧ್ಯಕ್ಷರಿಗೆ,

ತಮ್ಮ ಗಣತಿಯನ್ನು ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಹೊಲಿಗೆ ಯಂತ್ರಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಎಂದರು. ಆಮೇಲೆ, ತಾವೂ ಅಂಥ ಕೋಣೆಯಲ್ಲೇ ಬೆಳೆದದ್ದೆಂದರು. ಹನ್ನೊಂದು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ.

ನಾನು ಒಂದು ವಿಷಯ ಹೇಳಬೇಕು. ಆರುನೂರಕ್ಕೂ ಹೆಚ್ಚು ಶಾಲೆಗಳನ್ನು ನಾನು ಸಂಖ್ಯೆಯಿಂದ ಗುರುತಿಸಬಲ್ಲೆ. 212 ಯಾವಾಗಲೂ ತಡ. 388ರವರು ಸೊನ್ನೆಯ ಹೊಟ್ಟೆಗೆ ಗೀಟು ಹಾಕುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಒಂದು ಶಾಲೆಯೊಳಗೂ ಕಾಲಿಟ್ಟಿಲ್ಲ. ತಮ್ಮ ಪತ್ರ ಓದುವಾಗ 417ಕ್ಕೆ ಬಾಗಿಲು, ಬಾಲ್ಕನಿ ಎಲ್ಲ ಬಂದ ಹಾಗಾಯಿತು.

ವರ್ಗಾವಣೆಯವರನ್ನು ಕೇಳಿದೆ. ಅವರು ನೋಡುವುದು ಒಂದೇ ಸಂಖ್ಯೆ, 15. ಅದು ಹತ್ತರೊಳಗೆ ಬಂದರೆ ಆದೇಶ ತಾನಾಗಿ ರದ್ದಾಗುತ್ತದೆ. ಎಲ್ಲವೂ ಆ ಮೂವರ ಮೇಲೆ ನಿಂತಿದೆ. ಪರೀಕ್ಷೆಯ ದಿನ ಅವರಿಗೆ ಏನಾಗಿತ್ತು ಎಂದು ತಮ್ಮ ಮಂಡಳಿ ವಿಚಾರಿಸಬಹುದೇ?

ಇನ್ನೊಂದು ಪ್ರಶ್ನೆ. ಇದು ಕಡತಕ್ಕೆ ಸೇರಿದ್ದಲ್ಲ. ತಮ್ಮ ಶಾಲೆಯ ಹತ್ತಿರ ಕೆರೆ ಇದೆಯೇ?

ಸಹಾಯಕಿ


ಮಾರ್ಚ್ 24

ಮಾನ್ಯ ಸಹಾಯಕಿಯವರೇ,

ಕೆರೆ ಇಲ್ಲ. ಬಸ್ ಡಿಪೋ ಇದೆ. ಅದರ ಗೇಟಿನ ಬಳಿ ಬಸ್ ತೊಳೆದ ನೀರು ನಿಲ್ಲುವ ಒಂದು ಗುಂಡಿಯಿದೆ. ಮಂಡಳಿ ಅಳೆದು ನೋಡಿತು, ಏಳು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಇಲಾಖೆ ಭೂಗೋಳದ ಸಮೀಕ್ಷೆಯನ್ನೂ ಕೈಗೆತ್ತಿಕೊಂಡಿದೆ ಎಂದು ತಿಳಿದು ಮೆಚ್ಚುಗೆಯಾಯಿತು.

ಆ ಮೂವರ ಬಗ್ಗೆ ಮಂಡಳಿ ಕೂಲಂಕಷವಾಗಿ ತನಿಖೆ ನಡೆಸಿತು. ಮೂವರಿಗೂ ಅಂದು ಜ್ವರವಿತ್ತು. ಬಹಳ ಜ್ವರ. ಒಬ್ಬರ ಜ್ವರ ಇನ್ನೊಬ್ಬರಿಗೆ ಹತ್ತಿದ್ದು. ಹೆಚ್ಚಿನ ವಿವರ ಲಭ್ಯವಿಲ್ಲ.

ಉಳಿಕೆ ಮೇಷ್ಟ್ರು ತಮ್ಮ ಸಾಮಾನುಗಳನ್ನು ದಿನಕ್ಕೊಂದರಂತೆ ಸೈಕಲ್ ಬುಟ್ಟಿಯಲ್ಲಿ ಮನೆಗೆ ಸಾಗಿಸುತ್ತಿದ್ದಾರೆ. ಸೋಮವಾರ ಮರದ ಕೋನಮಾಪಕ ಹೋಯಿತು. ಮಂಗಳವಾರ ದೊಡ್ಡ ಕೈವಾರ. ನಿನ್ನೆ ಗೋಡೆಯ ಮೇಲಿದ್ದ, ನೂರು ಚೌಕದ ಹಾಳೆ. ಆ ಹಾಳೆ ಅಂಟಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿದೆ. ಸಂಜೆಯ ಪಾಠದಲ್ಲಿ ಎಲ್ಲರೂ ಅದನ್ನೇ ನೋಡುತ್ತಾ ಕೂತಿದ್ದರಂತೆ. “ಗೋಡೇಲಿ ಏನಿದೆ, ಪುಸ್ತಕ ನೋಡಿ,” ಅಂದರಂತೆ. ಮಂಡಳಿಗೆ ಕೇಳಿ ಗೊತ್ತಾದದ್ದು ಇದು. ಮಂಡಳಿ ಸಂಜೆಯ ಪಾಠಕ್ಕೆ ಹೋಗುವುದಿಲ್ಲ.

ಜ್ವರಕ್ಕೆ ನಿಯಮದಲ್ಲಿ ಏನಾದರೂ ರಿಯಾಯಿತಿ ಇದೆಯೇ? ಬೇಗ ತಿಳಿಸಿ.

ಅಧ್ಯಕ್ಷರು


ಏಪ್ರಿಲ್ 2

ಅಧ್ಯಕ್ಷರಿಗೆ,

ಈ ಪತ್ರವನ್ನು ಕಚೇರಿಯ ಹಾಳೆಯಲ್ಲಿ ಬರೆಯುತ್ತಿಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಎರಡನೆಯ ಪತ್ರದ ಹಿಂಬದಿಯಲ್ಲಿ ಅರ್ಧ ಬರೆದ ರೇಖಾಗಣಿತದ ಮನೆಗೆಲಸವಿತ್ತು. ತ್ರಿಭುಜದ ಒಂದು ಕೋನ ಬಿಟ್ಟುಹೋಗಿತ್ತು. ಮೇಲೆ ‘9ನೇ ತರಗತಿ’ ಎಂದಿತ್ತು. ಮಂಡಿನೋವಿನ ಹಿರಿಯರು ಯಾರೆಂದು ಅಂದಿನಿಂದಲೇ ಗೊತ್ತು. ಹೇಳಿದರೆ ನೀವು ಬರೆಯುವುದು ನಿಲ್ಲಿಸುತ್ತೀರೇನೋ ಎಂದು ಸುಮ್ಮನಿದ್ದೆ. ನಾನು ಮುಚ್ಚಿಟ್ಟ ಸಂಗತಿಗಳಲ್ಲಿ ಇದು ಚಿಕ್ಕದು.

ದೊಡ್ಡದು ಇದು. ನವೆಂಬರಿನಲ್ಲಿ ನಿಮ್ಮ ಶಾಲೆಯ ಉತ್ತರ ಪತ್ರಿಕೆಗಳು ಬಂದವು. ನಲವತ್ತು ಪ್ರಶ್ನೆ, ಪ್ರಶ್ನೆಗೆ ನಾಲ್ಕು ವೃತ್ತ, ಸರಿ ಉತ್ತರದ ವೃತ್ತವನ್ನು ಪೆನ್ಸಿಲಿನಿಂದ ತುಂಬಬೇಕು. ಯಂತ್ರ ಓದುವ ಮೊದಲು ಎಲ್ಲವನ್ನೂ ಒಮ್ಮೆ ಕಣ್ಣಾಡಿಸುವುದು ನನ್ನ ಕೆಲಸ. ಮೂರು ಹಾಳೆಗಳಲ್ಲಿ ವೃತ್ತಗಳನ್ನು ಬಾತುಕೋಳಿಯ ಆಕಾರದಲ್ಲಿ ತುಂಬಿತ್ತು. ಅಂಥ ಹಾಳೆ ಕಂಡರೆ ‘ತಿರಸ್ಕೃತ’ ಎಂಬ ಪೆಟ್ಟಿಗೆಗೆ ಹಾಕಬೇಕು. ಆಗ ಅದು ಲೆಕ್ಕಕ್ಕೇ ಬರುವುದಿಲ್ಲ. ಅಂದು ನಾನು ಇನ್ನೂರನೆಯ ಶಾಲೆ ನೋಡುತ್ತಿದ್ದೆ. ಬಾತುಕೋಳಿ ಕಂಡು, ಆ ಕೋಣೆಯಲ್ಲಿ ಯಾವತ್ತೂ ನಗದಷ್ಟು ನಕ್ಕೆ. ಒಂದರ ನಕಲು ತೆಗೆದು ಮೇಜಿನ ಪಕ್ಕ ಅಂಟಿಸಿಕೊಂಡೆ. ಮೂರನ್ನೂ ಉಳಿದವುಗಳ ಜೊತೆ ಯಂತ್ರಕ್ಕೆ ಕೊಟ್ಟೆ. ಯಂತ್ರಕ್ಕೆ ಬಾತುಕೋಳಿ ಕಾಣುವುದಿಲ್ಲ, ತಪ್ಪು ಉತ್ತರ ಕಾಣುತ್ತದೆ. ಆರುನೂರು ಮಕ್ಕಳ ಶಾಲೆಯಾಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಪ್ಪತ್ತು ಜನರ ತರಗತಿ ಎಂದು ನಾನು ನೋಡಲಿಲ್ಲ.

ಇದನ್ನು ಸರಿಪಡಿಸಬಹುದು. ಮೂವರೂ ಒಂದು ಸಾಲು ಬರೆದು ಸಹಿ ಹಾಕಬೇಕು: ಇದು ಉತ್ತರವಲ್ಲ, ಚಿತ್ರ. ಮುಖ್ಯೋಪಾಧ್ಯಾಯಿನಿಯವರ ಸಹಿಯೂ ಬೇಕು. ನನ್ನ ತಪ್ಪನ್ನು ನಾನು ಬರೆದುಕೊಡುತ್ತೇನೆ. ನನ್ನ ಸೇವಾ ಪುಸ್ತಕದಲ್ಲಿ ಒಂದು ಟಿಪ್ಪಣಿ ಬರುತ್ತದೆ. ಬರಲಿ, ಹನ್ನೊಂದು ವರ್ಷದಿಂದ ಅದು ಖಾಲಿ ಬಿದ್ದಿದೆ. ಮೂವರೂ ತಾವಾಗಿ ಮುಂದೆ ಬರದಿದ್ದರೆ ಒತ್ತಾಯ ಮಾಡುವಂತಿಲ್ಲ. ಜ್ವರಕ್ಕೆ ರಿಯಾಯಿತಿ ಇಲ್ಲ.

ಎರಡು ಬಾತುಕೋಳಿಗಳು ಮೊದಲ ಪ್ರಶ್ನೆಯಿಂದಲೇ ಶುರುವಾಗುತ್ತವೆ. ನಾನು ಅಂಟಿಸಿಕೊಂಡದ್ದು ಮೂರನೆಯದು. ಅದರಲ್ಲಿ ಮೊದಲ ಆರು ಉತ್ತರಗಳು ಸರಿಯಾಗಿವೆ. ಬಾಲ ಏಳನೆಯ ಪ್ರಶ್ನೆಯಲ್ಲಿ ಹೊರಡುತ್ತದೆ. ಅದರ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ.

ಸಹಾಯಕಿ


ಏಪ್ರಿಲ್ 6

ಸಹಾಯಕಿ ಮೇಡಂ,

ಮಂಡಳಿ ತುರ್ತು ಸಭೆ ಸೇರಿತು. ಮಂಡಳಿ ಎಂದರೆ ಮೂರು ಜನ. ಕಾರ್ಯದರ್ಶಿ ನನ್ನ ಪಕ್ಕದ ಬೆಂಚಿನವಳು, ಕನ್ನಡಕದವಳು. ಖಜಾನೆ ಇಲ್ಲದಿದ್ದರೂ ಖಜಾಂಚಿ ಒಬ್ಬನಿದ್ದಾನೆ. ಅವನಪ್ಪ ಡಿಪೋದಲ್ಲಿ ಬಸ್ ತೊಳೆಯುತ್ತಾರೆ, ನೀವು ಕೇಳಿದ ಕೆರೆ ಅವರದೇ ಕೈಕೆಲಸ. ಬಾತುಕೋಳಿಗಳೂ ಮೂರೇ ಎಂಬುದು ಇಷ್ಟರಲ್ಲಿ ನಿಮಗೆ ಹೊಳೆದಿರುತ್ತದೆ.

ಆ ಪರೀಕ್ಷೆಯ ಅಂಕ ನಮ್ಮ ಹೆಸರಿಗೆ ಸೇರುವುದಿಲ್ಲ, ಶಾಲೆಯ ಹೆಸರಿಗೆ ಮಾತ್ರ ಎಂದು ಹೇಳಿದ್ದರು. ಹಾಗಾದರೆ ಚಿತ್ರ ಬರೆಯೋಣ ಎಂದವಳು ನಾನು. ಒಂದು ವಾರ ಭಾಷಣ ಮಾಡಿದೆ. ಅವರಿಬ್ಬರೂ ನಂಬಿ ಮೊದಲ ಪ್ರಶ್ನೆಯಿಂದಲೇ ಬರೆದರು. ನಾನು ಬರೆಯಲಿಲ್ಲ. ಗುಟ್ಟಾಗಿ ಉತ್ತರ ತುಂಬತೊಡಗಿದೆ. ಒಮ್ಮೆಯಾದರೂ ಲೆಕ್ಕದಲ್ಲಿ ಮಟ್ಟ ಮುಟ್ಟಿ, ಯಾರಿಗೂ ಹೇಳದೆ ಇಟ್ಟುಕೊಳ್ಳೋಣ ಅಂತ ಇತ್ತು. ಆರು ಬಂದವು. ಏಳನೆಯದು ಶೇಕಡಾ ಲೆಕ್ಕ. ಅದು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ, ನನ್ನ ಮೊದಲ ಪತ್ರ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಮುಂದಿನವೆಲ್ಲ ಅದರ ಅಣ್ಣತಮ್ಮಂದಿರ ಹಾಗೇ ಕಂಡವು. ಬರುವುದಿಲ್ಲ ಎನ್ನುವುದಕ್ಕಿಂತ ಬಾತುಕೋಳಿ ಬರೆದೆ ಎನ್ನುವುದು ಮರ್ಯಾದೆಯಾಗಿ ಕಂಡಿತು.

ಮೂವರೂ ಹೆಡ್‌ಮಿಸ್ ಕೋಣೆಗೆ ಹೋದೆವು. ಅವರು ನಮ್ಮ ಕಾಗದ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇದನ್ನ ನಂಗಲ್ಲ, ಅವರಿಗೆ ಹೇಳಿ” ಎಂದು ಉಳಿಕೆ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಬಾಗಿಲಲ್ಲೇ ನಿಂತರು. ಕೈಯಲ್ಲಿ ಅಂದಿನ ಸಾಮಾನು, ಮರದ ಅಳತೆಪಟ್ಟಿ. ನೀವು ಕಳಿಸಿದ ನಕಲನ್ನು ತಗೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬೈಯಲಿ ಎಂದು ನಾವು ಕಾಯುತ್ತಿದ್ದೆವು. ಎರಡು ತಿಂಗಳಿಂದ ಅವರು ನಮ್ಮಿಂದಾಗಿ ಬೇರೆ ಊರಿನ ಬಸ್ಸಿನ ಸಮಯ ಕೇಳುತ್ತಾ ತಿರುಗಿದ್ದಾರೆ.

“ಬಾತುಕೋಳಿ ಚೆನ್ನಾಗಿದೆ,” ಅಂದರು. ಆಮೇಲೆ ಬೆರಳಿನಿಂದ ಮೇಲಿನ ಸಾಲುಗಳನ್ನು ಎಣಿಸಿದರು. “ಆರು ಬಂದಿದೆಯಲ್ಲೇ. ಏಳನೇದಕ್ಕೆ ಏನಾಯ್ತು?”

“ಗೊತ್ತಾಗ್ಲಿಲ್ಲ ಸಾರ್.”

“ಅಷ್ಟೇನಾ? ಅದನ್ನ ಹೇಳೋಕೆ ಇಷ್ಟು ದೊಡ್ಡ ಹಕ್ಕಿ ಬೇಕಿತ್ತಾ?”

ಹೆಡ್‌ಮಿಸ್ ಕೆಮ್ಮಿದರು. ನಕ್ಕಿದ್ದು ಎಂದು ಖಜಾಂಚಿಯ ಅಭಿಪ್ರಾಯ. ದಾಖಲೆಗೆ ಕೆಮ್ಮು ಎಂದೇ ಬರೆದಿದ್ದೇವೆ. ನಾಲ್ಕೂ ಸಹಿಗಳು ಇದರೊಂದಿಗಿವೆ.

ನಿಮಗೆ ನಗು ಬಂದದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಬಾತುಕೋಳಿ ಬರೆದದ್ದೇ ನಗಿಸಲೆಂದು.

ಅಧ್ಯಕ್ಷೆ


ಏಪ್ರಿಲ್ 13

ಅಧ್ಯಕ್ಷೆಗೆ,

ಮನವಿ ಅಂಗೀಕಾರವಾಗಿದೆ. ಮೂರು ಹಾಳೆ ತೆಗೆದರೆ ಹದಿನೇಳರಲ್ಲಿ ಹನ್ನೊಂದು. ಶೇಕಡಾವಾರು ನೀವೇ ಬಿಡಿಸಿ.

ಆದರೆ ಹೊಸ ತೊಡಕು. ತರಗತಿಯ ಶೇಕಡಾ ತೊಂಬತ್ತೈದರಷ್ಟು ಮಕ್ಕಳಾದರೂ ಪರೀಕ್ಷೆ ಬರೆದಿರಬೇಕು. ಇಪ್ಪತ್ತರಲ್ಲಿ ಹದಿನೇಳು ಸಾಲದು. ಆದ್ದರಿಂದ ಮೂವರಿಗೂ ಇದೇ 20ರಂದು ಮರುಪರೀಕ್ಷೆ. ಕೊನೆಯ ತೀರ್ಮಾನ ಅದರ ಮೇಲೆ. ಮೂವರಲ್ಲಿ ಯಾರೂ ಮಟ್ಟ ಮುಟ್ಟದಿದ್ದರೆ ನಾವು ಹೊರಟ ಜಾಗಕ್ಕೇ ಬರುತ್ತೇವೆ, ಶೇಕಡಾ 55. ಒಬ್ಬರು ಮುಟ್ಟಿದರೆ 60; ಹತ್ತಕ್ಕಿಂತ ಹೆಚ್ಚು ಕುಸಿದಂತಾಗದು, ಮೇಷ್ಟ್ರು ಉಳಿಯುತ್ತಾರೆ.

ಮೇಲ್ವಿಚಾರಣೆಗೆ ವಿಭಾಗದಿಂದ ಒಬ್ಬರು ಹೋಗಬೇಕು. ಮುಖ್ಯಸ್ಥರು, “ತಪ್ಪು ಮಾಡಿದವರೇ ಹೋಗಿ ಬರ್ಲಿ,” ಎಂದು ಟಿಕೆಟ್ಟಿಗೆ ಸಹಿ ಹಾಕಿದರು. ಶಿಕ್ಷೆ ಕೊಟ್ಟೆ ಎಂದುಕೊಂಡಿದ್ದಾರೆ.

ಒಂದು ಷರತ್ತು. ಮೇಲ್ವಿಚಾರಕರಿಗೆ ಪರೀಕ್ಷಾರ್ಥಿಗಳ ಪರಿಚಯ ಇರಕೂಡದು. ನೀವು ಯಾರೆಂದು ನನಗೆ ತಿಳಿಯದಂತೆ ನಡೆದುಕೊಳ್ಳಿ. ಫಲಿತಾಂಶ ಹೊರಬೀಳುವವರೆಗೆ ನಾನು ಪತ್ರ ಬರೆಯುವಂತಿಲ್ಲ.

ಸಹಾಯಕಿ


ಏಪ್ರಿಲ್ 21

ಸಹಾಯಕಿ ಮೇಡಂ,

ನೀವು ಉತ್ತರಿಸುವಂತಿಲ್ಲ, ಆದರೆ ನಾನು ಬರೆಯಬಾರದೆಂದು ಯಾರೂ ಹೇಳಿಲ್ಲ.

11 ಭಾಗಿಸು 17, ಗುಣಿಸು 100. ಶೇಕಡಾ 64.7. ಉಳಿಕೆಯೂ ಇದೆ, ಹಾಳೆ ಸಾಲದೆ ನಿಲ್ಲಿಸಿದೆ.

ಕಳೆದ ಎರಡು ವಾರ ಮಂಡಳಿ ಸಂಜೆಯ ಪಾಠಕ್ಕೆ ಹೋಯಿತು. ಒಳಗೆ ಕಾಲಿಟ್ಟಾಗ ಅಲ್ಲಿದ್ದ ಆರು ಜನ ತಲೆಯೆತ್ತಿ ನೋಡಿದರು. ಮೇಷ್ಟ್ರು ಕಿಟಕಿ ಪಕ್ಕದ ಬೆಂಚು ತೋರಿಸಿದರು. ಅದನ್ನು ಆಗಲೇ ಒರೆಸಿಟ್ಟಿತ್ತು. ನೂರು ಚೌಕದ ಹಾಳೆ ಮನೆಗೆ ಹೋಗಿಬಿಟ್ಟಿದ್ದರಿಂದ, ಗೋಡೆಯ ಆ ಬಿಳಿ ಜಾಗದಲ್ಲೇ ಪೆನ್ಸಿಲಿನಿಂದ ನೂರು ಚೌಕ ಎಳೆದರು. ಹೆಡ್‌ಮಿಸ್ ಗೋಡೆ ನೋಡಿ ಹಾಗೇ ಮುಂದೆ ಹೋದರು. ನಾವು ಬರೆದಿದ್ದರೆ ನಿಂತು ಬೈಯುತ್ತಿದ್ದರು.

ನಿನ್ನೆ ನಿಮಗೆ ಕಾಣದೆ ಇದ್ದದ್ದನ್ನು ಮಾತ್ರ ಹೇಳುತ್ತೇನೆ. ಪರೀಕ್ಷೆ ನಡೆಯುವಾಗ ವಿಷಯದ ಶಿಕ್ಷಕರು ಕೋಣೆಯ ಹತ್ತಿರ ಇರಬಾರದೆಂದು ನೀವು ಅವರನ್ನು ಅಂಗಳಕ್ಕೆ ಕಳಿಸಿದಿರಲ್ಲ, ಅವರು ಸರಿಯಾಗಿ ನನ್ನ ಕಿಟಕಿಯ ಕೆಳಗೆ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಚೈನು ಬಿಚ್ಚಿದರು. ಎರಡು ಗಂಟೆ ಬಿಚ್ಚಿದರು, ಹಾಕಿದರು. ಆ ಸೈಕಲ್ಲಿಗೆ ಏನೂ ಆಗಿರಲಿಲ್ಲ. ನನಗೆ ಕಾಣುತ್ತಿದ್ದದ್ದು ಮೇಲೆ ಕೆಳಗೆ ಆಡುವ ಒಂದು ಬೋಳು ತಲೆ. ಹೊರಗೆ ಬಂದಾಗ ಮಸಿ ಹತ್ತಿದ ಕೈ ಒರೆಸಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು, “ಉಳೀತೆಷ್ಟು?”

“ಒಂದು ಸಾರ್. ಮೂವತ್ತೆಂಟನೇದು.”

“ಬಾತುಕೋಳಿ?”

“ಇಲ್ಲ ಸಾರ್.”

ತಲೆಯಾಡಿಸಿ ಸೈಕಲ್ ಹತ್ತಿದರು. ಚೈನು ತಕ್ಷಣ ಕಳಚಿಬಿತ್ತು.

ಹೆಸರು ಹೇಳದ ಒಬ್ಬ ಪರೀಕ್ಷಾರ್ಥಿ


ಏಪ್ರಿಲ್ 30

ಸಹಾಯಕಿ ಮೇಡಂ,

ನಿಯಮ ಗೊತ್ತು. ಆದರೂ ತಿಳಿಸುತ್ತೇನೆ: ಮೇಷ್ಟ್ರ ಮೇಜಿನ ಮೇಲೆ ಈಗ ಉಳಿದಿರುವುದು ಸೀಮೆಸುಣ್ಣದ ಡಬ್ಬಿ ಮಾತ್ರ. ಅದನ್ನು ಖಜಾಂಚಿ ಬಚ್ಚಿಟ್ಟಿದ್ದಾನೆ. ಅದಿಲ್ಲದೆ ಅವರು ಹೋಗುವಂತಿಲ್ಲ ಎಂಬುದು ಅವನ ಯೋಜನೆ. ಅವನ ಯೋಜನೆಗಳೆಲ್ಲ ಹೀಗೇ ಇರುತ್ತವೆ.

ಅದೇ ಪರೀಕ್ಷಾರ್ಥಿ


ಮೇ 9

ಅಧ್ಯಕ್ಷೆಗೆ,

ಪರಿಷ್ಕೃತ ವರದಿಯ ಒಂದು ಪ್ರತಿ ಲಗತ್ತಿಸಿದೆ. ಮೂರನೆಯ ಪುಟ ನೋಡಿ.

ಮರುಪರೀಕ್ಷೆ ಬರೆದವರು: —
ಅವರಲ್ಲಿ ಮಟ್ಟ ಮುಟ್ಟಿದವರು: —
ತರಗತಿಯ ಒಟ್ಟು ಫಲಿತಾಂಶ: ಶೇಕಡಾ 65

ಐದಕ್ಕಿಂತ ಕಡಿಮೆ ಜನರಿದ್ದುದರಿಂದ ಗೆರೆ ಎಳೆಯದೆ ಬೇರೆ ದಾರಿಯಿರಲಿಲ್ಲ. ಎರಡು ಗೆರೆಗಳನ್ನೂ ಈ ಸಲ ನಾನೇ ಟೈಪು ಮಾಡಿದೆ, ಯಂತ್ರಕ್ಕೆ ಬಿಡಲಿಲ್ಲ. ವೈಯಕ್ತಿಕ ಅಂಕಗಳು ಮುಚ್ಚಿದ ಲಕೋಟೆಯಲ್ಲಿ ಶಾಲೆಗೆ ಬೇರೆಯಾಗಿ ಬರುತ್ತವೆ. ಅಲ್ಲಿಯವರೆಗೆ ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ. ವರ್ಗಾವಣೆ ರದ್ದಾದ ಆದೇಶ ಇದೇ ಅಂಚೆಯಲ್ಲಿ ನಿಮ್ಮ ಹೆಡ್‌ಮಿಸ್‌ಗೆ ಹೋಗಿದೆ. ಸೀಮೆಸುಣ್ಣ ವಾಪಸ್ ಕೊಡಲು ಹೇಳಿ.

ನನ್ನ ಸೇವಾ ಪುಸ್ತಕದ ಟಿಪ್ಪಣಿ ಹೀಗಿದೆ: ‘ಕರ್ತವ್ಯದ ವೇಳೆ ನಕ್ಕಿದ್ದರಿಂದ ಲೋಪ.’ ಮುಖ್ಯಸ್ಥರು ಇದನ್ನು ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟರು.

ಅಂದು ನಿಮ್ಮ ಶಾಲೆಗೆ ಬರುವಾಗ ಬೇಕೆಂದೇ ಬೇಗ ಬಂದು ಬೀದಿಯ ಕೊನೆಯಲ್ಲಿ ನಿಂತೆ. ಏಳೂಕಾಲಕ್ಕೆ ನಾಲ್ಕನೇ ಮಹಡಿಯಿಂದ ಬೈಗುಳ ಶುರುವಾಯಿತು. ಒಂದು ಪದವೂ ತಿಳಿಯಲಿಲ್ಲ, ಆದರೆ ನಾನೂ ನಡಿಗೆ ಚುರುಕು ಮಾಡಿದೆ. ತಿರುಗಿ ಮೊಮ್ಮಕ್ಕಳನ್ನು ನೋಡಲಿಲ್ಲ, ನಿಯಮವಿತ್ತಲ್ಲ. ಪರೀಕ್ಷೆಯ ಕೋಣೆಯಲ್ಲಿ ನೀವು ಯಾರಿರಬಹುದೆಂದು ಊಹಿಸದೆ ಇರಲು ಪ್ರಯತ್ನಿಸಿದೆ. ಆಗಲಿಲ್ಲ. ಕನ್ನಡಕ ಹಾಕಿಕೊಂಡು, ತಲೆಯೆತ್ತದೆ, ಗಂಭೀರವಾಗಿ ಬರೆಯುತ್ತಿದ್ದವಳೇ ಮಂಡಳಿಯ ಅಧ್ಯಕ್ಷೆ ಎಂದು ಬಲವಾಗಿ ನಂಬಿದೆ. ಮೊದಲ ಗಂಟೆಯಲ್ಲೇ ರಬ್ಬರ್ ಎರಡು ಸಲ ಬೀಳಿಸಿ, ಅದನ್ನು ಹುಡುಕಲು ಬೆಂಚಿನ ಕೆಳಗೆ ಹೋಗಿ, ಅಲ್ಲಿಂದ ನನ್ನ ಚಪ್ಪಲಿಯನ್ನು ಪರೀಕ್ಷಿಸಿದ ಇನ್ನೊಬ್ಬಳನ್ನು ಅಲ್ಲ. ‘ಕಾರ್ಯದರ್ಶಿ ಕನ್ನಡಕದವಳು’ ಎಂದು ನೀವೇ ಬರೆದದ್ದು ರೈಲು ಹತ್ತಿದ ಮೇಲೆ ನೆನಪಾಯಿತು.

ಸಹಾಯಕಿ


ಮೇ 13

ಸಹಾಯಕಿ ಮೇಡಂ,

ವರದಿ ಬಂದದ್ದು ಗುರುವಾರ, ಲಕೋಟೆಗಳು ಬಂದದ್ದು ಶನಿವಾರ. ನಡುವಿನ ಎರಡು ದಿನ ಮಂಡಳಿಯ ಇತಿಹಾಸದಲ್ಲೇ ಅತಿ ದೀರ್ಘವಾದವು. ಇಪ್ಪತ್ತರಲ್ಲಿ ಶೇಕಡಾ 65 ಎಂದರೆ ಹದಿಮೂರು. ಹದಿಮೂರರಲ್ಲಿ ಹನ್ನೊಂದು ಕಳೆದರೆ ಎರಡು. ಮೂವರಲ್ಲಿ ಇಬ್ಬರು ಮುಟ್ಟಿದ್ದಾರೆ, ಒಬ್ಬರು ಮುಟ್ಟಿಲ್ಲ ಎಂದು ನಿಮ್ಮ ಪರದೆಯ ಹಿಂದಿನಿಂದ ನಾನೇ ಲೆಕ್ಕ ಹಾಕಿ ಹೊರಗೆಳೆದೆ. ಲೆಕ್ಕ ಕಲಿತದ್ದರಿಂದ ಸಿಕ್ಕ ಮೊದಲ ಫಲ ಇದು: ಎರಡು ದಿನ ಮೂವರೂ ‘ಆ ಒಬ್ಬರು ನಾನೇ’ ಎಂದು ವಾದಿಸಿದ್ದು.

ಲಕೋಟೆಗಳನ್ನು ಮೇಷ್ಟ್ರೇ ತಂದುಕೊಟ್ಟರು. ಮೂವರೂ ಒಟ್ಟಿಗೆ ಹರಿದೆವು. ಕಾರ್ಯದರ್ಶಿ ಮುಟ್ಟಿದ್ದಳು, ಅದು ಅವಳ ಕನ್ನಡಕಕ್ಕೇ ಗೊತ್ತಿತ್ತು. ಖಜಾಂಚಿಗೆ ಎರಡು ಅಂಕ ಕಡಿಮೆ. ಅವನು ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಿಸಿ ಜೇಬಿಗಿಟ್ಟುಕೊಂಡು, “ಹೋದ ಸಲ ಬಿದ್ದಿದ್ದು ನಿನ್ನ ಬಾತುಕೋಳಿ. ಈ ಸಲದ್ದು ನನ್ನ ಸ್ವಂತದ್ದು,” ಅಂದ. ಅವನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆ ನೋಡಿರಲಿಲ್ಲ. ಸೀಮೆಸುಣ್ಣದ ಡಬ್ಬಿಯನ್ನೂ ಆಗಲೇ ಕೊಟ್ಟ. ಒಳಗೆ ಎರಡು ತುಂಡು ಕಡಿಮೆಯಿತ್ತು, ಮೇಷ್ಟ್ರು ಎಣಿಸಿದರು.

ಆಮೇಲೆ, “ಹದಿಮೂರು ಜನ ಮುಟ್ಟಿದ್ರು. ಉಳೀತೆಷ್ಟು?” ಎಂದು ಕೇಳಿದರು.

“ಏಳು ಸಾರ್.”

“ಏಳೂ ಜನಕ್ಕೆ ಹೇಳು. ಸೋಮವಾರ ನಾಲ್ಕೂವರೆ.” ಹೊರಡುವಾಗ ತಿರುಗಿ, “ನೀನೂ ಬಾ. ಮೂವತ್ತೆಂಟನೇದು ಬಾಕಿ ಇದೆ,” ಅಂದರು. ಇವತ್ತು ಕೋನಮಾಪಕ ಸೈಕಲ್ ಬುಟ್ಟಿಯಲ್ಲಿ ವಾಪಸ್ ಬಂದಿದೆ. ದಿನಕ್ಕೊಂದರಂತೆಯೇ ತರುತ್ತಾರಂತೆ. ಎಲ್ಲ ಬರುವಷ್ಟರಲ್ಲಿ ರಜೆ ಶುರುವಾಗುತ್ತದೆ.

ಅಜ್ಜಿಗೆ ವರದಿಯ ಮೂರನೆಯ ಪುಟ ತೋರಿಸಿ, ಈ ಗೆರೆಯಲ್ಲಿ ನಾನಿದ್ದೇನೆ ಎಂದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ನಮ್ಮ ಭಾಷೆಯಲ್ಲಿ, ಇಷ್ಟು ಸಣ್ಣಗಾಗಿದ್ದೀಯಾ, ಸರಿಯಾಗಿ ಊಟ ಮಾಡು ಎಂದು ಬೈದರು. ಪುಟವನ್ನು ಮಾತ್ರ ವಾಪಸ್ ಕೊಟ್ಟಿಲ್ಲ.

ನಿಮ್ಮ ಮೇಜಿನ ಪಕ್ಕಕ್ಕೆ ಒಂದು ಹೊಸ ಬಾತುಕೋಳಿ ಕಳಿಸಿದ್ದೇನೆ. ಇದನ್ನು ಬಿಳಿ ಹಾಳೆಯ ಮೇಲೆ ಬರೆದಿದೆ, ಯಾವ ಪ್ರಶ್ನೆಯನ್ನೂ ಮುಚ್ಚಿಲ್ಲ. ಹಳೆಯದನ್ನು ತಿರಸ್ಕೃತ ಪೆಟ್ಟಿಗೆಗೆ ಹಾಕಿಬಿಡಿ, ಅದರ ಜಾಗ ಅದೇ. ಮಂಡಳಿಯನ್ನು ವಿಸರ್ಜಿಸಲಾಗಿದೆ, ಆದ್ದರಿಂದ ಇನ್ನು ಮುಂದೆ ಅಧ್ಯಕ್ಷೆ ಎಂದು ಸಹಿ ಹಾಕುವ ಅಧಿಕಾರ ನನಗಿಲ್ಲ. ಯೋಚಿಸಿ ನೋಡಿದೆ, ನಿಮಗೆ ಗುರುತು ಸಿಗುವ ಸಹಿ ಇನ್ನೊಂದಿದೆ.

ಇಂತಿ ನಿಮ್ಮ,
—